ಉಣ್ಣಿಯ ಉಪದ್ರವ

ನಾಯಿಯ ಕಿವಿಯಲ್ಲಿ ಕಚ್ಚಿಕೊಂಡ ಉಣ್ಣಿಯನ್ನು ಕಿತ್ತು, ಬೆರಳಿನಿಂದಲೇ ಹೊಸಕಿ, ಕೈತೊಳೆಯದೆ ಒಳಹೋಗುವ ಗೃಹಸ್ಥರು ನಮ್ಮ ಮೈಸೂರಿನಲ್ಲಿ ವಿರಳರಲ್ಲ. ಈ ಕ್ಷುದ್ರಜಂತುವಿನ ವಿಷಯದಲ್ಲಿ ಇಷ್ಟು ಅಲಕ್ಷ್ಯ ತರವಲ್ಲ. ಉಣ್ಣಿಜ್ವರ ತಗುಲಿದ ನಾಯಿಯು ರಕ್ತ ಕ್ಷೀಣಿಸಿ ಸಾಯುವುದುಂಟು. ಮನುಷ್ಯನಿಗೆ ಉಣ್ಣಿಯಿಂದ ಒದಗುವ ವಿಪತ್ತಿಗೆ ನಮ್ಮ ನಾಡೇ ಸಾಕ್ಷಿಯಾಗಿರುವುದು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸತ್ತುಬಿದ್ದವು. ಸುತ್ತಲ ಹಳ್ಳಿಗರು ಜ್ವರದಿಂದ ಮಲಗಿದರು. ಏಷ್ಯದಲ್ಲಿ ಎಂದೂ ಕಾಣದ ಹಳದಿ ಜ್ವರವೇ ಬಂದಿತೋ ಎಂದು ವೈದ್ಯರು ಶಂಕಿಸಿದರು. ಉಣ್ಣಿಯಿಂದ ಹರಡುವ ಹೊಸದೊಂದು ವೈರಸ್ ಇದಕ್ಕೆ ಕಾರಣವೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ನಿರ್ಧರಿಸಿದರು. ಜನರು ಇದನ್ನು ಮಂಗನ ಕಾಯಿಲೆಯೆಂದರು. ವಾಸ್ತವದಲ್ಲಿ ಮಂಗವೂ ನಮ್ಮಂತೆಯೇ ಇದಕ್ಕೆ ತುತ್ತಾದ ಪ್ರಾಣಿ.

ಥಟ್ಟನೆ ಏರುವ ಜ್ವರ, ಅಸಹನೀಯ ತಲೆನೋವು, ಮೈಕೈ ನೋವು, ಕೆಲವರಲ್ಲಿ ರಕ್ತಸ್ರಾವ ಇದರ ಲಕ್ಷಣಗಳು. ರೋಗಿಗಳಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುವರು. ಅಮೆರಿಕೆಯ ಲೈಮ್ ಎಂಬ ಊರಿನ ಹೆಸರು ಹೊತ್ತ ಉಣ್ಣಿರೋಗವು ನಾಯಿಗೂ ಮನುಷ್ಯನಿಗೂ ತಗುಲುವುದಾದರೂ ಔಷಧಕ್ಕೆ ಮಣಿಯುವುದು. ನಮ್ಮ ಮಂಗನ ಕಾಯಿಲೆಗೆ ನಿರ್ದಿಷ್ಟ ಮದ್ದಿಲ್ಲ. ಬಹುಕಾಲ ಹಾಕುತ್ತಿದ್ದ ಲಸಿಕೆಯನ್ನೂ ಗುಣ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು.

ಇದು ದೂರದ ಮಲೆನಾಡಿನ ಮಾತೆಂದು ನಾವು ಸುಮ್ಮನಿರಲಾಗದು. 2012ರಲ್ಲಿ ನಮ್ಮ ಮಗ್ಗುಲ ಬಂಡೀಪುರದಲ್ಲಿ ಮಂಗಗಳು ಸತ್ತಾಗ, ಅವುಗಳ ಕಳೇಬರವನ್ನು ಸುಟ್ಟ ಕೆಲಸಗಾರರಿಗೇ ರೋಗ ತಗುಲಿತು. ಪೇಟೆಯ ನಾಯಿಗಳ ಉಣ್ಣಿ ಬೇರೆ ಜಾತಿಯದು; ಅದರಿಂದ ಈ ಕಾಯಿಲೆ ಬಂದೀತೆಂದು ಹೆದರಬೇಕಾಗಿಲ್ಲ. ಆದರೆ ಸೌದೆಗೆ, ತರಗೆಲೆಗೆ, ದನ ಮೇಯಿಸಲು ಕಾಡು ಹೊಕ್ಕ ಬಡವನಿಗೆ ಅಪಾಯ ತಪ್ಪಿದ್ದಲ್ಲ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅವನು ಮೈಗೆ ಡೇಪಾ ಎಣ್ಣೆ ಸವರಿ, ತುಂಬುತೋಳಿನ ಉಡುಪು ತೊಟ್ಟು ಹೋಗತಕ್ಕದ್ದು; ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಮಿಂದು ಬಟ್ಟೆ ಒಗೆಯತಕ್ಕದ್ದು. ಎಣ್ಣೆಯನ್ನು ಕಾಲಕ್ಕೆ ಸರಿಯಾಗಿ ಅವನ ಮನೆಗೆ ಮುಟ್ಟಿಸುವುದು ಅಧಿಕಾರಿಗಳ ಹೊಣೆ.

ಸತ್ತ ಮಂಗವು ಕಾಡು ನೀಡುವ ಮೊದಲ ಎಚ್ಚರಿಕೆ. ಅದನ್ನು ಕಂಡವನು ಮುಟ್ಟದೆ ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಲಿ. ತಿಳಿದ ಅಧಿಕಾರಿಯು ಆ ಸುದ್ದಿಯನ್ನು ಕಡತದಲ್ಲಿ ಮಲಗಿಸಿದರೆ, ಮುಂದೆ ಹಳ್ಳಿಯಲ್ಲಿ ಮಲಗುವವರು ಮನುಷ್ಯರು.