ನಿಮಗಿದು ಗೊತ್ತೆ? ಮನೆಗೇ ಬಂದ ಶುಶ್ರೂಷೆ
ಕ್ಯಾನ್ಸರ್ ರೋಗಿಯ ನೋವು, ವಾಕರಿಕೆ, ನಿದ್ರಾಹೀನತೆ, ಆಯಾಸಗಳನ್ನು ರೋಗಿಯ ಮಾತಿನಿಂದಲೇ ಅಳೆಯುವ ಮಾಪಕವೊಂದನ್ನು ಅಮೆರಿಕದ ನರ್ಸ್ ಸಂಶೋಧಕಿ ರೂತ್ ಮೆಕಾರ್ಕಲ್ ಮತ್ತು ಸಹೋದ್ಯೋಗಿ ಕ್ಯಾಥರೀನ್ ಯಂಗ್ 1978ರಲ್ಲಿ ಪ್ರಕಟಿಸಿದರು. ರೋಗಿಗೆ ಏನಾಗುತ್ತಿದೆ ಎಂಬುದನ್ನು ರೋಗಿಯೇ ಹೇಳಬೇಕು ಎಂಬುದು ಅದರ ತಿರುಳು.

ಮೆಕಾರ್ಕಲ್ ತಂಡದ ಇನ್ನೊಂದು ಅಧ್ಯಯನ 2000ದಲ್ಲಿ ಹೊರಬಂತು. ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳಿದ, 60 ದಾಟಿದ 375 ಕ್ಯಾನ್ಸರ್ ರೋಗಿಗಳನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದಕ್ಕೆ ಅದರ ಜೊತೆಗೆ, ವಿಶೇಷ ತರಬೇತಿ ಪಡೆದ ನರ್ಸ್‌ಗಳಿಂದ ನಾಲ್ಕು ವಾರಗಳಲ್ಲಿ ಮೂರು ಬಾರಿ ಮನೆಭೇಟಿ, ಐದು ದೂರವಾಣಿ ಕರೆ. ನರ್ಸ್‌ಗಳು ತೊಂದರೆಗಳನ್ನು ಬೇಗ ಗುರುತಿಸುತ್ತಿದ್ದರು, ಮನೆಯವರಿಗೂ ಆರೈಕೆ ಕಲಿಸುತ್ತಿದ್ದರು.

ರೋಗ ಆರಂಭದ ಹಂತದಲ್ಲಿದ್ದವರಲ್ಲಿ ಬದುಕುಳಿಯುವ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ರೋಗ ಮುಂದುವರಿದವರಲ್ಲಿ ಮಾತ್ರ ಫಲಿತಾಂಶ ಬೆರಗು ಹುಟ್ಟಿಸುವಂತಿತ್ತು: ಎರಡು ವರ್ಷಗಳ ನಂತರ, ಎಂದಿನ ಆರೈಕೆ ಪಡೆದವರಲ್ಲಿ ಶೇ 40 ಮಂದಿ ಬದುಕಿದ್ದರೆ, ನರ್ಸ್‌ಗಳ ಭೇಟಿ ಪಡೆದವರಲ್ಲಿ ಶೇ 67 ಮಂದಿ ಬದುಕಿದ್ದರು.