ನಿಮಗಿದು ಗೊತ್ತೆ? ಫೋಟೋಗೂ ಕೋಟಿ ಬೆಲೆ!
ಒಂದೇ ನೆಗೆಟಿವ್‌ನಿಂದ ಎಷ್ಟು ಪ್ರಿಂಟ್ ಬೇಕಾದರೂ ತೆಗೆಯಬಹುದು. ಆದರೂ 2022ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ ಕಲಾವಿದ ಮ್ಯಾನ್ ರೇ 1924ರಲ್ಲಿ ಮಾಡಿದ ಮೂಲ ಪ್ರಿಂಟೊಂದು 1.24 ಕೋಟಿ ಡಾಲರಿಗೆ ಹೋಯಿತು! ಈಗಿನ ಕಲಾವಿದರು ಪ್ರಿಂಟಿನ ಮೇಲೆ ‘3/10’ ಎಂದು ಬರೆದು ಸಹಿ ಹಾಕುತ್ತಾರೆ, ಅಂದರೆ ಹತ್ತರಲ್ಲಿ ಮೂರನೆಯದು. ಕೊಳ್ಳುವವರು ಸಹಿಯಷ್ಟೇ ಆ ‘ಹತ್ತ’ನ್ನೂ ನೋಡಬೇಕು, ಅದು ಚಿಕ್ಕದಾದಷ್ಟೂ ಪ್ರಿಂಟ್ ಅಪರೂಪ.

ಇಂಥ ಫೋಟೋಗಳ ಸಂಗ್ರಹ ಕಾಣಲು ತುಮಕೂರಿನವರು ದೂರ ಹೋಗಬೇಕಿಲ್ಲ. ಸುಮಾರು 70 ಕಿ.ಮೀ. ಆಚೆ, ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಸಂಗ್ರಾಹಕ ಅಭಿಷೇಕ್ ಪೋದ್ದಾರ್ ಸ್ಥಾಪಿಸಿದ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ 2023ರಲ್ಲಿ ಬಾಗಿಲು ತೆರೆದಿದೆ. ಮೈಸೂರಿನ ಟಿ.ಎಸ್. ಸತ್ಯನ್ ತೆಗೆದ ಚಿತ್ರಗಳೂ ಅಲ್ಲಿವೆ.

ಹಳೇ ಫೋಟೋ ನಮ್ಮ ಮನೆಗಳಲ್ಲೂ ಇರಬಹುದು. ಗುಬ್ಬಿ, ಕುಣಿಗಲ್ ಕಡೆಯ ಅಟ್ಟಗಳಲ್ಲಿ ನಾಟಕ ಕಂಪನಿಯ ಹಳೇ ಫೋಟೋ ಸಿಕ್ಕರೆ ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಅಂಟಿದ ಪ್ಲಾಸ್ಟಿಕ್ ಬಿಡಿಸುವುದು ಬಲು ಕಷ್ಟ.