ಬಿಇ ಆದಮೇಲೆ ಮಾನವ ಹಕ್ಕುಗಳ ಓದು ಯಾಕೆ?

ಕೋಡ್ ಬರೆಯೋರಿಗೆ ಮಾನವ ಹಕ್ಕುಗಳ ಕಾನೂನು ಯಾಕೆ ಬೇಕು? ಕಲಬುರಗಿಯ ಸ್ಟೇಶನ್ ಬಜಾರದ ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದು ವರ್ಷವಾಯಿತು. ಕೈಯಲ್ಲಿ ಸಾಫ್ಟ್‌ವೇರ್ ಕೆಲಸ ಇರುವಾಗ ನಾನು ಸ್ನಾತಕೋತ್ತರ ಡಿಪ್ಲೊಮಾಕ್ಕೆ ಸೇರಿದೆ. "ವಕೀಲ ಆಗಾಂವ ಏನ್ ನೀ? ಇದರಿಂದ ಪಗಾರ ಎಷ್ಟ್ ಹೆಚ್ಚಾಗ್ತದ?" ಅಂತ ಅಪ್ಪ ಕೇಳಿದರು. ಪಗಾರ ಒಂದು ರೂಪಾಯಿಯೂ ಹೆಚ್ಚಾಗಿಲ್ಲ. ಆದರೂ ಈ ಓದು ನಮ್ಮಂಥ ದುಡಿಯೋ ವಯಸ್ಸಿನವರಿಗೇ ಹೆಚ್ಚು ಬೇಕು ಅಂತ ಈಗ ಅನಿಸುತ್ತಿದೆ.

ಮೊದಲು ಎಲ್ಲರೂ ಕೇಳೋ ಮಾತು. ಇದಕ್ಕೆ ಎಲ್‌ಎಲ್‌ಬಿ ಆಗಿರಲೇಬೇಕು ಅಂತೇನಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ನಡೆಸುವ ಒಂದು ವರ್ಷದ ಮಾನವ ಹಕ್ಕುಗಳ ಕಾನೂನು ಡಿಪ್ಲೊಮಾಕ್ಕೆ ಯಾವುದೇ ಪದವಿ ಇದ್ದರೂ ಸೇರಬಹುದು. ಪೂರ್ತಿ ಎಂಎ ಮಾಡಿ ಪಾಠ ಹೇಳಬೇಕು ಅನ್ನೋರಿಗೆ ಯುಜಿಸಿ ನೆಟ್‌ನಲ್ಲಿ 'ಮಾನವ ಹಕ್ಕುಗಳು ಮತ್ತು ಕರ್ತವ್ಯಗಳು' ಅನ್ನೋ ವಿಷಯವೇ ಇದೆ.

ಓದಿನ ಆರಂಭದಲ್ಲಿ ಇತಿಹಾಸ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಒಪ್ಪಿದ ಘೋಷಣೆಯ ಮೊದಲ ವಿಧಿಯಲ್ಲಿ 'ಎಲ್ಲ ಗಂಡಸರು' ಎಂಬ ಅರ್ಥ ಬರುವಂತಿದ್ದ ಪದವನ್ನು ತೆಗೆಸಿ 'ಎಲ್ಲ ಮನುಷ್ಯರು' ಅಂತ ಮಾಡಿಸಿದ್ದು ನಮ್ಮ ದೇಶದ ಹಂಸಾ ಮೆಹ್ತಾ. ಕೇಳೋಕೆ ಖುಷಿ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ನಮ್ಮೂರಿನದೇ ಒಂದು ಘಟನೆ.

2021ರ ಜನವರಿಯಲ್ಲಿ ಕಲಬುರಗಿಯಲ್ಲಿ ಮ್ಯಾನ್‌ಹೋಲ್‌ಗೆ ಇಳಿದ ಇಬ್ಬರು ಕಾರ್ಮಿಕರು ಉಸಿರುಗಟ್ಟಿ ಸತ್ತರು. ಇಂಥ ಸುದ್ದಿ ಬಂದಾಗ ನಾವೆಲ್ಲ 'ಪಾಪ' ಅಂತೀವಿ, ಫೋನಿನ ಮೇಲೆ ಬೆರಳು ಮುಂದಕ್ಕೆ ಹೋಗುತ್ತದೆ. ಈ ಓದು 'ಪಾಪ' ಅನ್ನೋದರ ಮುಂದಿನ ಪ್ರಶ್ನೆ ಕಲಿಸುತ್ತದೆ: ಇದಕ್ಕೆ ಜವಾಬ್ದಾರಿ ಯಾರದು?

ಉತ್ತರ ಕಾನೂನಿನಲ್ಲೇ ಇದೆ. 2013ರ ಕಾಯ್ದೆ ಮಲ ಹೊರುವ ಪದ್ಧತಿಯನ್ನಷ್ಟೇ ನಿಷೇಧಿಸಲಿಲ್ಲ. ಅದರ 7ನೇ ಕಲಂ ಪ್ರಕಾರ ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ, ಅಂದರೆ ರಕ್ಷಣೆಯ ಸಾಮಾನು ಕೊಡದೆ ಮನುಷ್ಯರನ್ನು ಇಳಿಸಿ ಮಾಡಿಸೋ ಕೆಲಸಕ್ಕೆ, ಯಾರೂ ಜನರನ್ನು ಹಚ್ಚುವಂತಿಲ್ಲ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ಇದು ಪಾಲಿಕೆ, ಜಲಮಂಡಳಿಗೆ ಸಂಬಂಧಿಸಿದ್ದು ಅಂತ ಅಂದುಕೊಂಡಿರಾ? ಕಾಯ್ದೆಯಲ್ಲಿ 'ಯಾವುದೇ ವ್ಯಕ್ತಿ' ಅಂತ ಇದೆ, ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಅಂತಲೂ ಇದೆ. ಅಂದರೆ ನಿಮ್ಮ ಅಪಾರ್ಟ್‌ಮೆಂಟಿನ ಸಂಘದವರು ಮೇಸ್ತ್ರಿಗೆ ದುಡ್ಡು ಕೊಟ್ಟು ಟ್ಯಾಂಕಿಗೆ ಯಾರನ್ನಾದರೂ ಇಳಿಸಿದರೂ ಇದೇ ಕಾನೂನು. 'ನಾವು ಕಂಟ್ರಾಕ್ಟ್ ಕೊಟ್ಟಿದ್ವಿ' ಅಂದ ಮಾತ್ರಕ್ಕೆ ತಪ್ಪಿಸಿಕೊಳ್ಳೋಕೆ ಆಗಲ್ಲ. ಮೆಂಟೇನೆನ್ಸ್ ಕಟ್ಟುವ ನಮ್ಮ ದುಡ್ಡೇ ಅಲ್ಲಿಗೆ ಹೋಗಿರುತ್ತದೆ.

ಕಮಲಾಪುರದ ನಮ್ಮ ಮಾವ ಒಂದು ದಿನ ಫೋನ್ ಮಾಡಿ, "ಅಳಿಯಾ, ಸರ್ಕಾರಿ ಮಂದಿ ಅನ್ಯಾಯ ಮಾಡಿದ್ರ ನಮ್ಮಂಥವರು ಯಾರಿಗಿ ಹೇಳಬೇಕು? ಇಂಗ್ಲಿಷ್ ಬರಲಾರದವರು ಏನ್ ಮಾಡಬೇಕು?" ಅಂದರು. ಪರೀಕ್ಷೆಗೆ ಓದಿದ್ದು ಅವತ್ತು ಕೆಲಸಕ್ಕೆ ಬಂತು. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ದೆಹಲಿಯಲ್ಲಿ ರಾಷ್ಟ್ರೀಯ ಆಯೋಗ ಇದೆ, ಬೆಂಗಳೂರಿನಲ್ಲಿ ರಾಜ್ಯ ಆಯೋಗ 2007ರಿಂದ ಕೆಲಸ ಮಾಡುತ್ತಿದೆ. ದೂರು ಕನ್ನಡದಲ್ಲೇ ಬರೆಯಬಹುದು. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ. ಆದರೆ ಘಟನೆ ನಡೆದು ಒಂದು ವರ್ಷ ದಾಟಿದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲ. ಆ ತಾರೀಖು ಗೊತ್ತಿಲ್ಲದೇ ಎಷ್ಟೋ ಮಂದಿ ಕಚೇರಿಯಿಂದ ಕಚೇರಿಗೆ ಅಲೆಯೋದರಲ್ಲೇ ವರ್ಷ ಕಳೆದುಬಿಡುತ್ತದೆ.

ಆಯೋಗ ಅಂದರೆ ಮಂತ್ರದಂಡ ಅಂತಲೂ ಅಲ್ಲ. ಅದು ಸರ್ಕಾರಕ್ಕೆ ಶಿಫಾರಸು ಮಾಡುತ್ತದೆ, ಕೋರ್ಟಿನ ಹಾಗೆ ಶಿಕ್ಷೆ ಕೊಡಲ್ಲ. ಇದನ್ನೂ ಮಾವನಿಗೆ ಹೇಳಿದೆ. "ಇರಲಿ ಬಿಡು, ಕಾಗದದ ಮ್ಯಾಲ ಅರೆ ಬರ್ತದಲ್ಲ" ಅಂದರು. ಅದೂ ನಿಜವೇ. ದಾಖಲೆಯಾದ ದೂರಿಗೆ ಸಂಬಂಧಪಟ್ಟ ಇಲಾಖೆ ಬರಹದಲ್ಲಿ ಉತ್ತರ ಕೊಡಬೇಕಾಗಿ ಬರುತ್ತದೆ.

ನಿಮಗೆ ಸೇರುವ ಮನಸ್ಸಿದ್ದರೆ ಎರಡು ಮಾತು. ವಾರಕ್ಕೆ ಐದಾರು ಗಂಟೆ ಎತ್ತಿಡಿ. ತೀರ್ಪುಗಳ ಭಾಷೆ ಮೊದಲ ತಿಂಗಳು ಕಬ್ಬಿಣದ ಕಡಲೆ, ಆಮೇಲೆ ರೂಢಿಯಾಗುತ್ತದೆ. ಬಡ್ತಿ ಸಿಗಲಿ ಅಂತ ಮಾತ್ರ ಸೇರಬೇಡಿ.

ಸೇರೋಕೆ ಆಗದಿದ್ದರೂ ಪರವಾಗಿಲ್ಲ. ಮುಂದಿನ ಸಲ ಅಪಾರ್ಟ್‌ಮೆಂಟಿನ ಮೀಟಿಂಗ್ ನಡೆದಾಗ ಒಂದೇ ಪ್ರಶ್ನೆ ಕೇಳಿ: ನಮ್ಮ ಟ್ಯಾಂಕ್ ಖಾಲಿ ಮಾಡೋದು ಮಷಿನ್ನೋ, ಮನುಷ್ಯರೋ? ಉತ್ತರ ಬರಹದಲ್ಲಿ ಕೊಡಿ ಅನ್ನಿ.